ಉಳಿದ ಹಲ್ಲುಗಳ ಲೆಕ್ಕ

‘ಊರಿಗೆ ಹೋದಾಗ ಹಲ್ಲು ಕಟ್ಟಿಸಿಕೊಂಡರಾಯಿತು.’ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಸೀಮೆಯ ಫ್ರೀಮಾಂಟ್, ಸನಿವೇಲ್, ಕ್ಯುಪರ್ಟಿನೋಗಳ ಕನ್ನಡ ಮನೆಗಳಲ್ಲಿ ಮತ್ತೆ ಮತ್ತೆ ಕೇಳುವ ಮಾತಿದು. ಅದರ ಹಿಂದೆ ನಿಜವಾದ ಕಷ್ಟವಿದೆ. ಇಲ್ಲಿನ ಎಷ್ಟೋ ದಂತವಿಮೆಗಳು ವರ್ಷಕ್ಕೆ 1,000ದಿಂದ 2,000 ಡಾಲರ್ ಕೊಟ್ಟು ಕೈ ತೊಳೆದುಕೊಳ್ಳುತ್ತವೆ. ಒಂದೇ ಇಂಪ್ಲಾಂಟ್, ಅಂದರೆ ದವಡೆಯ ಮೂಳೆಯೊಳಗೆ ಕೂರಿಸುವ ಲೋಹದ ಬೇರು, ಆ ಮಿತಿಯನ್ನು ದಾಟಿಬಿಡುತ್ತದೆ. ವಿಮೆ ಮಾಡಿಸುವ ಮೊದಲೇ ಬಿದ್ದ ಹಲ್ಲಾದರೆ ಕೆಲವು ಕಂಪನಿಗಳು ಏನನ್ನೂ ಕೊಡುವುದಿಲ್ಲ. ಹಿರಿಯರ ಮೂಲ ಮೆಡಿಕೇರ್ ಯೋಜನೆಯೂ ಹಲ್ಲು ಕಟ್ಟಿಸುವ ಖರ್ಚನ್ನು ಸಾಮಾನ್ಯವಾಗಿ ಹೊರುವುದಿಲ್ಲ. ಹಾಗಾಗಿ ಬಾಯಿಯ ತೀರ್ಮಾನವನ್ನು ಜೇಬು ಮತ್ತು ರಜೆ ಎರಡೇ ಸೇರಿ ಮಾಡಿಬಿಡುತ್ತವೆ.

ಆದರೆ ಬಾಯಿಗೆ ತನ್ನದೇ ಲೆಕ್ಕವಿದೆ. ಒಂದು ಹಲ್ಲು ಹೋದ ಮೇಲೆ ಪಕ್ಕದ್ದು ಖಾಲಿ ಜಾಗದ ಕಡೆ ವಾಲಬಹುದು, ಎದುರು ಸಾಲಿನದು ನಿಧಾನವಾಗಿ ಅದರತ್ತ ಸರಿಯಬಹುದು. ಹಲ್ಲು ಕೂತಿದ್ದ ಮೂಳೆಯ ದಿಂಡು ಮೊದಲ ವರ್ಷದಲ್ಲೇ ಅಗಲದಲ್ಲಿ ಅರ್ಧದಷ್ಟು ಸವೆಯುವುದುಂಟು. ಆದ್ದರಿಂದ ಹೋದದ್ದರ ಜಾಗದಲ್ಲಿ ಏನು ಕೂರಿಸೋಣ ಎಂದು ಕೇಳುವ ಮುಂಚೆ, ಏನು ಮಾಡಿದರೆ ಉಳಿದವು ಗಟ್ಟಿಯಾಗಿರುತ್ತವೆ ಎಂದು ಕೇಳಬೇಕು. ಈ ಪ್ರಶ್ನೆ ಹಿಡಿದು ನೋಡಿದರೆ ಆಯ್ಕೆಗಳು ತಿಳಿಯಾಗುತ್ತವೆ.

ಖಾಲಿ ಜಾಗದ ಮೇಲೆ ಸೇತುವೆಯಂತೆ ಕಟ್ಟುವ ಬ್ರಿಡ್ಜ್ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಆದರೆ ಅದನ್ನು ನಿಲ್ಲಿಸಲು ಅಕ್ಕಪಕ್ಕದ ಎರಡು ಹಲ್ಲುಗಳನ್ನು ಅರೆದು ಕ್ಯಾಪ್ ಹಾಕಬೇಕು. ಅವಕ್ಕೆ ಮೊದಲೇ ದೊಡ್ಡ ಸಿಮೆಂಟೋ ರೂಟ್ ಕೆನಾಲೋ ಆಗಿದ್ದರೆ ಇದು ಒಳ್ಳೆಯ ದಾರಿ. ಹುಳುಕೇ ಕಾಣದ ಗಟ್ಟಿ ಹಲ್ಲುಗಳಾಗಿದ್ದರೆ, ಒಂದಕ್ಕಾಗಿ ಎರಡನ್ನು ಸವೆಸಿದಂತೆ. ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಇಂಪ್ಲಾಂಟ್ ಅಕ್ಕಪಕ್ಕದವನ್ನು ಮುಟ್ಟುವುದಿಲ್ಲ. ಅದು ಕೇಳುವುದು ಸಮಯ. ಸ್ವೀಡನ್ನಿನ ಸಂಶೋಧಕ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಮೂಳೆಯ ಮೇಲೆ ಪ್ರಯೋಗ ಆರಂಭಿಸಿದಾಗ, ಒಳಗಿಟ್ಟ ಟೈಟೇನಿಯಂ ಮೂಳೆಗೇ ಬೆಸೆದುಕೊಂಡದ್ದು ಕಂಡುಬಂತು. 1965ರಲ್ಲಿ ಅವರು ಇಂಪ್ಲಾಂಟ್ ಹಾಕಿದ ಮೊದಲ ರೋಗಿ, 2006ರಲ್ಲಿ ತೀರಿಕೊಳ್ಳುವವರೆಗೂ ಅದರಲ್ಲೇ ಅಗಿದು ಉಂಡರು. ಆ ಬೆಸುಗೆಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಮೂಳೆ ತುಂಬಿಸಬೇಕಾದರೆ ಇನ್ನೂ ಹೆಚ್ಚು. ಮೂರು ವಾರದ ರಜೆಯಲ್ಲಿ ಹಲ್ಲು ಕೀಳಿಸಿ, ಇಂಪ್ಲಾಂಟ್ ಕೂರಿಸಿ, ಅದರ ಮೇಲಿನ ಹಲ್ಲನ್ನೂ ಹಾಕಿಸಿಕೊಂಡು ವಿಮಾನ ಹತ್ತಬೇಕೆಂದರೆ ಎಲ್ಲರ ಮೂಳೆಯೂ ಒಪ್ಪುವುದಿಲ್ಲ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಮಾಡಿಸುವುದು ಖಂಡಿತ ತಪ್ಪಲ್ಲ, ಅಲ್ಲಿನ ವೈದ್ಯರ ಕೈಗುಣಕ್ಕೂ ಕೊರತೆಯಿಲ್ಲ. ಆದರೆ ಎರಡು ಪ್ರಯಾಣದ ಲೆಕ್ಕ ಹಾಕಿಕೊಳ್ಳಿ. ಇಂಪ್ಲಾಂಟಿನ ಕಂಪನಿ, ಮಾದರಿ, ಅಳತೆ ಬರೆದ ಚೀಟಿಯನ್ನು ಕೇಳಿ ಪಡೆದು ಜೋಪಾನ ಮಾಡಿ. ಸ್ಕ್ರೂ ಸಡಿಲವಾದ ದಿನ ಇಲ್ಲಿನ ವೈದ್ಯರಿಗೆ ಮೊದಲು ಬೇಕಾಗುವುದು ಅದೇ.

ತೆಗೆದು ಹಾಕುವ ಹಲ್ಲಿನ ಸೆಟ್ಟನ್ನು ಕೀಳಾಗಿ ಕಾಣಬೇಕಿಲ್ಲ. ಮಕ್ಕಳು ದುಡ್ಡಿದೆಯೆಂದು ಇಂಪ್ಲಾಂಟನ್ನೇ ಒತ್ತಾಯಿಸುತ್ತಾರೆ. ಎಂಬತ್ತರ ಅಮ್ಮನಿಗೆ ಕೊಯ್ಯುವುದು, ಹೊಲಿಯುವುದು, ತಿಂಗಳುಗಟ್ಟಲೆ ಕಾಯುವುದು ಬೇಡವಾಗಿರುತ್ತದೆ. ಬಾಯಿ ಅವರದು, ಕೊನೆಯ ಮಾತೂ ಅವರದೇ ಆಗಬೇಕು. ರಾತ್ರಿ ತೆಗೆದು, ತೊಳೆದು, ನೀರಲ್ಲಿಡುವ ಶಿಸ್ತಿದ್ದರೆ ಸೆಟ್ಟು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಖಾಲಿ ಜಾಗವನ್ನು ಹಾಗೇ ಬಿಡುವುದೂ ಕೆಲವೊಮ್ಮೆ ಸರಿಯಾದ ಆಯ್ಕೆಯೇ. ಬಾಯಿಯಲ್ಲಿ ಇಪ್ಪತ್ತು ಹಲ್ಲುಗಳು ಒಂದಕ್ಕೊಂದು ಸರಿಯಾಗಿ ಕೂಡುವಂತಿದ್ದರೆ ಬಹಳ ಮಂದಿಗೆ ಊಟಕ್ಕೆ ತೊಂದರೆಯಿಲ್ಲ ಎಂಬ ವಿಚಾರವನ್ನು ನೆದರ್ಲೆಂಡ್ಸ್‌ನ ದಂತತಜ್ಞ ಕೈಸರ್ 1981ರಲ್ಲಿ ಮುಂದಿಟ್ಟರು. ಎಂಬತ್ತರ ವಯಸ್ಸಿಗೆ ಇಪ್ಪತ್ತು ಹಲ್ಲು ಉಳಿಯಲಿ ಎಂದು ಜಪಾನ್ 1989ರಲ್ಲಿ ದೇಶವ್ಯಾಪಿ ಅಭಿಯಾನವನ್ನೇ ಆರಂಭಿಸಿತು. ತೀರಾ ಹಿಂದಿನ ದವಡೆ ಹಲ್ಲು ಹೋಗಿದ್ದರೆ, ‘ಇದನ್ನು ಕಟ್ಟಿಸಲೇಬೇಕೇ?’ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.

ಕೈಯಲ್ಲಿ ದುಡ್ಡು ಕಡಿಮೆ, ಸಮಯ ಇದೆ ಎನ್ನುವವರಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಎರಡು ಬಾಗಿಲುಗಳಿವೆ: ಯುಸಿಎಸ್‌ಎಫ್ ದಂತವೈದ್ಯ ಶಾಲೆ ಮತ್ತು ಪೆಸಿಫಿಕ್ ವಿಶ್ವವಿದ್ಯಾಲಯದ ಡುಗೋನಿ ದಂತ ಕಾಲೇಜು. ಅಲ್ಲಿ ಪ್ರಾಧ್ಯಾಪಕರ ಕಣ್ಣಿನಡಿ ವಿದ್ಯಾರ್ಥಿಗಳು ಚಿಕಿತ್ಸೆ ಕೊಡುತ್ತಾರೆ. ಪ್ರತಿ ಹೆಜ್ಜೆಯನ್ನೂ ಹಿರಿಯರು ನೋಡಿ ಒಪ್ಪಬೇಕಾದ್ದರಿಂದ ತಡವಾಗುತ್ತದೆ, ಖರ್ಚು ಖಾಸಗಿ ಕ್ಲಿನಿಕ್ಕಿಗಿಂತ ಸಾಮಾನ್ಯವಾಗಿ ಕಡಿಮೆ.

ಯಾವ ದಾರಿ ಹಿಡಿದರೂ ಒಂದು ಪ್ರಶ್ನೆಯನ್ನು ಬಿಡಬಾರದು: ಆ ಹಲ್ಲು ಹೋದದ್ದು ಯಾಕೆ? ಪೆಟ್ಟು ಬಿದ್ದು ಹೋಗಿದ್ದರೆ ವಿಷಯ ಅಲ್ಲಿಗೆ ಮುಗಿಯಿತು. ವಸಡಿನ ಕಾಯಿಲೆಯಿಂದ ಹೋಗಿದ್ದರೆ, ಅದು ಉಳಿದ ಹಲ್ಲುಗಳ ಬುಡದಲ್ಲೂ ಇರಬಹುದು, ನಾಳೆ ಇಂಪ್ಲಾಂಟಿನ ಸುತ್ತಲೂ ಬರಬಹುದು. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ವಸಡನ್ನು ಹಾಳುಮಾಡುತ್ತದೆ, ಗಾಯ ಮಾಯುವುದನ್ನು ತಡಮಾಡುತ್ತದೆ. ಈ ಕೊಲ್ಲಿ ಸೀಮೆ ಮತ್ತು ಷಿಕಾಗೋದಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದವರನ್ನು ಒಳಗೊಂಡ ‘ಮಸಾಲಾ’ ಅಧ್ಯಯನವು, ನಮ್ಮವರಲ್ಲಿ ಸಕ್ಕರೆ ಕಾಯಿಲೆ ಇಲ್ಲಿನ ಬಿಳಿಯರಿಗಿಂತ ಬಹಳ ಹೆಚ್ಚೆಂದು ತೋರಿಸಿದೆ. ಆದ್ದರಿಂದ ಹೊಸ ಹಲ್ಲಿಗೆ ಮುಂಗಡ ಕಟ್ಟುವ ಮೊದಲು ವಸಡನ್ನು ತೋರಿಸಿ, ಸಕ್ಕರೆ ಪರೀಕ್ಷೆ ಮಾಡಿಸಿ. ಹೋದ ಒಂದನ್ನು ಚೆಂದವಾಗಿ ಕಟ್ಟಿಸಿ ಇನ್ನೆರಡನ್ನು ಕಳೆದುಕೊಂಡರೆ ಅದು ಚಿಕಿತ್ಸೆಯಲ್ಲ. ಉಳಿದವನ್ನು ಉಳಿಸಿಕೊಡುವ ದಾರಿಯೇ ಸರಿಯಾದ ಆಯ್ಕೆ.