ಯಾರಿಗಂತ ಇಟ್ಟಿ?

ಕಪ್‌ಕೇಕಿನ ಟ್ರೇಯಲ್ಲಿ ಸಾಮಾನ್ಯವಾಗಿ 12 ಗುಂಡಿಗಳಿರುತ್ತವೆ. ಪುಣೆಯ ನಮ್ಮ ಮನೆಯಲ್ಲಿ ಇರುವವರು ಇಬ್ಬರು. ಭಾನುವಾರ ಸಂಜೆ ಒಂದು ಟ್ರೇ ಬೇಯಿಸಿದರೆ ಚಹಾದ ಜೊತೆ ನಾಲ್ಕು ಖರ್ಚಾಗುತ್ತವೆ. ಉಳಿದ ಎಂಟನ್ನು ಏನು ಮಾಡುವುದು? ಅಡುಗೆಮನೆಯ ಪ್ರಶ್ನೆ ಎಂದುಕೊಂಡರೆ ಉತ್ತರ ಸುಲಭ: ಫ್ರೀಜರ್‌ನಲ್ಲಿಡಿ. ಆದರೆ ಇದು ನೀತಿಯ ಪ್ರಶ್ನೆಯೂ ಹೌದು ಎಂದು ನನಗೆ ದಿನದಿನಕ್ಕೆ ಹೆಚ್ಚಾಗಿ ಅನ್ನಿಸುತ್ತಿದೆ. ಉಳಿದದ್ದನ್ನು ಎತ್ತಿಡುವುದು ಜಾಣತನವೋ, ಜಿಪುಣತನವೋ? ಅಥವಾ ಇವೆರಡೂ ಅಲ್ಲದ ಇನ್ನೊಂದೋ?

ಮೊದಲು ಅಡುಗೆಮನೆಯ ಉತ್ತರವನ್ನೇ ಸರಿಯಾಗಿ ನೋಡೋಣ. ಕೇಕು ಗಡುಸಾಗುವುದೆಂದರೆ ಬರೀ ನೀರು ಆರುವುದಲ್ಲ. ಬೇಯುವಾಗ ನೀರು ಕುಡಿದು ಉಬ್ಬಿದ ಹಿಟ್ಟಿನ ಪಿಷ್ಟ, ಆರಿದ ಮೇಲೆ ಮತ್ತೆ ಬಿಗಿದುಕೊಳ್ಳುತ್ತದೆ. ಇದು ಅತಿ ಬೇಗ ನಡೆಯುವುದು ಫ್ರಿಜ್ಜಿನ ಕೆಳಖಾನೆಯ 4 ಡಿಗ್ರಿ ಆಸುಪಾಸಿನ ತಂಪಿನಲ್ಲಿ. ಕೆಡಬಾರದೆಂದು ಫ್ರಿಜ್ಜಿನಲ್ಲಿಟ್ಟ ಕೇಕು ಡಬ್ಬಿಯಲ್ಲಿ ಹೊರಗಿಟ್ಟಿದ್ದಕ್ಕಿಂತ ಬೇಗ ಒರಟಾಗುವುದು ಇದಕ್ಕೇ. ಮೈನಸ್ 18 ಡಿಗ್ರಿಯಲ್ಲಿ ಈ ಕ್ರಿಯೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಆದ್ದರಿಂದ ಇಡುವುದಾದರೆ ಫ್ರೀಜರ್‌ನಲ್ಲೇ ಇಡಬೇಕು. ಪೂರ್ತಿ ಆರಿದ ಮೇಲೆ ಒಂದೊಂದನ್ನೂ ತೆಳು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಗಾಳಿ ತೆಗೆದ ಚೀಲದಲ್ಲಿ ಹಾಕಿ, ಮೇಲೆ ತಾರೀಖು ಬರೆಯಬೇಕು. ಬೆಣ್ಣೆ ಸಕ್ಕರೆಯ ಕ್ರೀಮು ಚಳಿಗೆ ತಡೆಯುತ್ತದೆ. ಹಾಲಿನ ಕೆನೆಯದ್ದು ಒಡೆದು ನೀರು ಬಿಡುತ್ತದೆ. ಆದ್ದರಿಂದ ಅಲಂಕಾರವನ್ನು ತಿನ್ನುವ ದಿನಕ್ಕೆ ಬಿಡುವುದೇ ಮೇಲು. ಹೊರಗೆ ತೆಗೆದಾಗ ಸುತ್ತಿದ್ದನ್ನು ತಕ್ಷಣ ಬಿಚ್ಚಬಾರದು. ಬಿಚ್ಚಿದರೆ ಗಾಳಿಯ ತೇವ ಕೇಕಿನ ಮೇಲೆಯೇ ಕೂತು ಅದನ್ನು ಅಂಟಾಗಿಸುತ್ತದೆ; ಹಾಗೇ ಬಿಟ್ಟರೆ ಆ ಹನಿಗಳು ಪ್ಲಾಸ್ಟಿಕ್ಕಿನ ಮೇಲೆ ಕೂರುತ್ತವೆ. ಇಷ್ಟು ಮಾಡಿದರೆ ಎರಡು ಮೂರು ತಿಂಗಳು ರುಚಿ ಉಳಿಯುತ್ತದೆ.

ಅದಾದ ಮೇಲೆ? ಆಮೇಲೂ ಅದು ಕೆಡುವುದಿಲ್ಲ. ಆ ಚಳಿಯಲ್ಲಿ ಸೂಕ್ಷ್ಮಜೀವಿಗಳು ಸಾಯದಿದ್ದರೂ ಬೆಳೆಯಲಾರವು, ಹಾಗಾಗಿ ತಿಂದರೆ ಹೊಟ್ಟೆಗೇನೂ ಆಗದು. ಆದರೆ ಒಳಗಿನ ತೇವ ನಿಧಾನವಾಗಿ ಹಾರಿಹೋಗಿ, ಅಂಚುಗಳು ಬಿಳಿಚಿ, ಪಕ್ಕದ ಬಟಾಣಿಯ ವಾಸನೆ ಹತ್ತುತ್ತದೆ. ಕೆಡದೆ ಇರುವುದು ಬೇರೆ, ಚೆನ್ನಾಗಿರುವುದು ಬೇರೆ. ಫ್ರೀಜರ್ ಮಾತು ಕೊಡುವುದು ಮೊದಲನೆಯದಕ್ಕೆ ಮಾತ್ರ.

ಕೂಡಿಡುವುದು ನಮಗೆ ಹೊಸದಲ್ಲ. ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡಿಟ್ಟು ವರ್ಷ ಕಳೆದವರ ಮಕ್ಕಳು ನಾವು. ಆದರೂ ಒಂದು ವ್ಯತ್ಯಾಸವಿದೆ. ಭರಣಿಯೊಳಗೆ ಕಾಲಕ್ಕೆ ಕೆಲಸವಿದೆ: ಉಪ್ಪು ಹೋಳಿಗೆ ಇಳಿಯುತ್ತದೆ, ಖಾರ ಹದಕ್ಕೆ ಬರುತ್ತದೆ, ಮೂರು ತಿಂಗಳ ಉಪ್ಪಿನಕಾಯಿ ಮೂರು ದಿನದ್ದಕ್ಕಿಂತ ರುಚಿ. ಫ್ರೀಜರ್ ಕಾಲವನ್ನು ಬಾಗಿಲ ಹೊರಗೆ ನಿಲ್ಲಿಸುತ್ತದೆ. ಇನ್ನೊಂದು, ಹಪ್ಪಳ ಲಟ್ಟಿಸಲು ಓಣಿಯ ಹೆಂಗಸರೆಲ್ಲ ಸೇರುತ್ತಿದ್ದರು, ಮಾಡಿದ್ದು ನಾಲ್ಕು ಮನೆಗೆ ಹಂಚಿಹೋಗುತ್ತಿತ್ತು. ಫ್ರೀಜರ್‌ನಲ್ಲಿಡಲು ಯಾರ ಕೈಯೂ ಬೇಡ. ಇಟ್ಟದ್ದು ಯಾರಿಗೂ ಗೊತ್ತಾಗುವುದೂ ಇಲ್ಲ.

ಊರಿನಲ್ಲಿರುವ ಅವ್ವನಿಗೆ ಒಮ್ಮೆ ಫೋನಿನಲ್ಲಿ ಈ ಏರ್ಪಾಡನ್ನೆಲ್ಲ ವಿವರಿಸಿದೆ. ಧಾರವಾಡದ ಕಡೆಯವಳು, ಸುತ್ತಿಬಳಸಿ ಮಾತಾಡುವುದು ಗೊತ್ತಿಲ್ಲ. ಎಲ್ಲ ಕೇಳಿಸಿಕೊಂಡು, "ಛಲೋ ಆತು. ಆದ್ರ ಯಾರಿಗಂತ ಇಟ್ಟಿ ತಮ್ಮಾ?" ಎಂದಳು. ಆಕ್ಷೇಪದ ದನಿಯಲ್ಲ ಅದು. ಅವಳ ಲೆಕ್ಕದಲ್ಲಿ ಎತ್ತಿಟ್ಟ ಪದಾರ್ಥಕ್ಕೆ ಒಂದು ಹೆಸರಿರಲೇಬೇಕು: ಮುಂದಿನ ವಾರ ಬರುವ ಅಕ್ಕನಿಗೆ, ಶಾಲೆಯಿಂದ ಬರುವ ಮೊಮ್ಮಗನಿಗೆ, ಹೊಲದಿಂದ ಹೊತ್ತಾಗಿ ಬರುವವರಿಗೆ. ಹೆಸರಿಲ್ಲದೆ ಇಟ್ಟದ್ದು ಅವಳ ಕಣ್ಣಿಗೆ ಇಟ್ಟದ್ದೇ ಅಲ್ಲ, ಉಳಿದದ್ದು.

ಕೂಡಿಡುವುದರ ಬಗ್ಗೆ ನಮ್ಮ ಪರಂಪರೆ ಬಿಗಿಯಾಗಿಯೇ ಮಾತಾಡಿದೆ. 12ನೇ ಶತಮಾನದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬಾ ಎಂದು ಕಳಿಸಿದ ಕಥೆ ನಮಗೆಲ್ಲ ಗೊತ್ತು. ಗೀತೆಯ 17ನೇ ಅಧ್ಯಾಯ ಹೊತ್ತು ಮೀರಿ ಸಾರ ಕಳೆದುಕೊಂಡ ಊಟವನ್ನು ತಾಮಸವೆಂದು ಎಣಿಸುತ್ತದೆ. ಇವೆರಡನ್ನೂ ಒಟ್ಟಿಗೆ ಹಿಡಿದು ಫ್ರೀಜರ್‌ಗೆ ತೀರ್ಪು ಕೊಟ್ಟುಬಿಡುವುದು ಸುಲಭ. ಹಾಗೆ ತೀರ್ಪು ಕೊಡುವವರನ್ನು ಮದುವೆ ಮನೆಗಳಲ್ಲಿ ಧಾರಾಳವಾಗಿ ಕಂಡಿದ್ದೇನೆ; ಬಿಸಿಬಿಸಿ ಅನ್ನವೇ ಅನ್ನ, ಮಿಕ್ಕದ್ದೆಲ್ಲ ವಿಷ ಎನ್ನುವವರು.

ಆದರೆ ಆ ಬಿಸಿ ಅನ್ನಕ್ಕೆ ಬೆಲೆ ಕೊಟ್ಟವರು ಯಾರು? ನಸುಕಿನ ಐದಕ್ಕೆ ಎದ್ದು ಒಲೆ ಹೊತ್ತಿಸಿದ ಹೆಂಗಸು. ತಾಜಾತನದ ನೀತಿ ಬೋಧಿಸಿದವರಲ್ಲಿ ಹೆಚ್ಚಿನವರು ಅಡುಗೆ ಮಾಡಿದವರಲ್ಲ. ಇತ್ತ ಹೊಲಕ್ಕೆ ಹೋಗುವವರು ತಂಗಳು ಅನ್ನಕ್ಕೆ ಮಜ್ಜಿಗೆ ಹಾಕಿ, ಈರುಳ್ಳಿ ಕಚ್ಚಿಕೊಂಡು ಉಂಡು ನಾಡು ಕಟ್ಟಿದರು. ಅವರನ್ನು ತಾಮಸರೆಂದು ಕರೆಯುವ ಧೈರ್ಯ ನನಗಿಲ್ಲ. ಇಂದು ಹಿಂಜವಡಿಯ ಐಟಿ ಪಾರ್ಕಿನಿಂದ ರಾತ್ರಿ ಒಂಬತ್ತಕ್ಕೆ ಮನೆ ಮುಟ್ಟುವ ಹುಡುಗಿ, ಭಾನುವಾರ ಮಾಡಿಟ್ಟ ಪಲ್ಯದ ಡಬ್ಬಿ ತೆಗೆದು ಬಿಸಿ ಮಾಡಿ ಉಣ್ಣುತ್ತಾಳಲ್ಲ, ಆ ಡಬ್ಬಿಯ ಮೇಲೆ ಹೆಸರಿದೆ. ಅವಳದೇ ಹೆಸರು. ದಣಿದು ಬರುವ ನಾಳೆಯ ತನಗಾಗಿ ಇಂದಿನ ತಾನು ಮಾಡಿಟ್ಟದ್ದು ಅದು. ಅದನ್ನು ಸಂಗ್ರಹ ಬುದ್ಧಿ ಎನ್ನಲಾಗದು, ಆರೈಕೆ ಎನ್ನಬೇಕು. ಲಕ್ಕಮ್ಮ ಕೇಳಿದ್ದು ಕೂಡ ಅಕ್ಕಿ ಹಳೆಯದೋ ಹೊಸದೋ ಎಂದಲ್ಲ, ಇಷ್ಟು ಯಾತಕ್ಕೆ ಎಂದು.

ಹಾಗಾದರೆ ತೊಡಕಿರುವುದು ಎಲ್ಲಿ? ಕಳೆದ ಬೇಸಿಗೆಯಲ್ಲಿ ನಮ್ಮ ಕಟ್ಟಡದ ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಕರೆಂಟಿರಲಿಲ್ಲ. ತುಂಬಿದ ಫ್ರೀಜರ್ ಬಾಗಿಲು ತೆರೆಯದಿದ್ದರೆ ಸುಮಾರು 48 ಗಂಟೆ ಚಳಿ ಹಿಡಿದಿಡುತ್ತದೆ, ಅರೆ ತುಂಬಿದ್ದು ಅದರ ಅರ್ಧ. ಮೊದಲ ದಿನ ಎಲ್ಲರೂ ಬಾಗಿಲು ಮುಚ್ಚಿಕೊಂಡು ಕಾದರು. ಎರಡನೆಯ ದಿನ ಸಂಜೆ ನಮ್ಮ ಮಹಡಿಯ ಆರೂ ಮನೆಗಳ ಫ್ರೀಜರ್‌ಗಳು ಪಡಸಾಲೆಗೆ ಬಂದವು. ಎದುರು ಮನೆಯ ಕಾಕೂ ಉಕಡೀಚೆ ಮೋದಕ ತಂದರು, ಬಂಗಾಳಿ ಹುಡುಗರು ಮೀನು ಹುರಿದರು, ಮೂಲೆ ಮನೆಯ ಬೀದರದ ವಿದ್ಯಾರ್ಥಿ ತಾಯಿ ಕಟ್ಟಿಕೊಟ್ಟಿದ್ದ ಹೂರಣದ ಹೋಳಿಗೆ ಹಂಚಿದ. ನಮ್ಮ ಕಪ್‌ಕೇಕುಗಳೂ ಹೋದವು. ಮೂರು ವರ್ಷದಿಂದ ಒಂದೇ ಗೋಡೆಯ ಆಚೀಚೆ ಇದ್ದ ನಮಗೆ, ಆ ಹುಡುಗ ಕನ್ನಡದವನೆಂದು ತಿಳಿದದ್ದೇ ಅವತ್ತು.

ಅವತ್ತಿನಿಂದ ನನಗೆ ಕಾಣುವುದು ಇದು. ಹಿಂದೆ ಉಳಿದ ಅಡುಗೆ ಕೆಡುತ್ತಿತ್ತು, ಅದಕ್ಕೇ ನೆರೆಮನೆಗೆ ಹೋಗುತ್ತಿತ್ತು. ಆ ಬಟ್ಟಲು ಖಾಲಿ ಮರಳುತ್ತಿರಲಿಲ್ಲ. ತಳದಲ್ಲಿ ಒಂದಿಷ್ಟು ಸಕ್ಕರೆಯಾದರೂ ಇರುತ್ತಿತ್ತು. ಹಂಚಿದವರೆಲ್ಲ ದೊಡ್ಡ ಮನಸ್ಸಿನವರು ಎಂದಲ್ಲ. ಅವರ ಮನಸ್ಸು ಎಷ್ಟು ದೊಡ್ಡದಿತ್ತೋ, ಕೆಡುತ್ತದೆನ್ನುವ ಅವಸರವೂ ಅಷ್ಟೇ ದೊಡ್ಡದಿತ್ತು. ಫ್ರೀಜರ್ ಆ ಅವಸರವನ್ನು ತೆಗೆದುಹಾಕಿತು. ಅದು ನಮ್ಮನ್ನು ಸ್ವಾರ್ಥಿಗಳನ್ನಾಗಿ ಮಾಡಲಿಲ್ಲ. ಉದಾರಿಗಳಾಗುವ ಸಂದರ್ಭವನ್ನು ಮುಂದಕ್ಕೆ ಹಾಕಲು ಬಿಟ್ಟಿತು. ಮುಂದಕ್ಕೆ ಹಾಕಿದ್ದೆಲ್ಲ ಸುರಕ್ಷಿತವಾಗಿದೆ ಎಂಬ ನೆಮ್ಮದಿಯನ್ನೂ ಕೊಟ್ಟಿತು.

ಊರು ಬಿಟ್ಟು ಬಂದ ನಮಗೆ ಈ ನೆಮ್ಮದಿ ಬಹಳ ಒಗ್ಗುತ್ತದೆ. ಬಾಡಿಗೆ ಮನೆ, ವರ್ಷ ಎರಡು ವರ್ಷಕ್ಕೆ ಬದಲಾಗುವ ನೆರೆ, ಭಾಷೆಯ ಸಂಕೋಚ. ಬಾಗಿಲು ತಟ್ಟುವುದಕ್ಕಿಂತ ಫ್ರೀಜರ್ ತೆರೆಯುವುದು ಹಗುರ. ದೀಪಾವಳಿಗೆ ಹೋದಾಗ ಮಾತಾಡಿದರಾಯಿತು ಎಂದು ಎತ್ತಿಟ್ಟ ಮಾತುಗಳು, ಪ್ರಾಜೆಕ್ಟ್ ಮುಗಿಯಲಿ ಎಂದು ಎತ್ತಿಟ್ಟ ಭೇಟಿಗಳು ನಮ್ಮಲ್ಲಿ ಎಷ್ಟಿಲ್ಲ? ಅವೂ ಕೆಟ್ಟಿರುವುದಿಲ್ಲ. ಹೊರಗೆ ತೆಗೆದಾಗ ಮಾತ್ರ ಮೊದಲಿನ ಮೆತ್ತಗೆ ಇರುವುದಿಲ್ಲ.

ಇಷ್ಟು ಹೇಳಿ ಫ್ರೀಜರ್ ಬಿಟ್ಟುಬಿಡಿ ಎಂದರೆ ಅದು ಬೂಟಾಟಿಕೆಯಾದೀತು. ಮಾಡಿದ್ದನ್ನು ಬೀದಿಗೆ ಚೆಲ್ಲುವುದಕ್ಕಿಂತ ಇಡುವುದು ಎಷ್ಟೋ ಮೇಲು. ಇಬ್ಬರಿಗೆ 12 ಬೇಯಿಸುವುದರಲ್ಲೂ ತಪ್ಪಿಲ್ಲ, ಒಲೆ ಹೊತ್ತಿಸಿದ ಮೇಲೆ ನಾಲ್ಕಕ್ಕೂ ಹನ್ನೆರಡಕ್ಕೂ ತಗಲುವ ಕರೆಂಟು ಹೆಚ್ಚುಕಡಿಮೆ ಒಂದೇ. ನಾನು ಸೇರಿಸಿಕೊಂಡಿರುವುದು ಅವ್ವನ ಪ್ರಶ್ನೆಯನ್ನಷ್ಟೇ. ಚೀಲದ ಮೇಲೆ ತಾರೀಖಿನ ಪಕ್ಕ ಒಂದು ಹೆಸರನ್ನೂ ಬರೆಯುತ್ತೇನೆ: 'ಬುಧವಾರ, ಆಫೀಸಿನ ಡಬ್ಬಿಗೆ', 'ಬೀದರದ ಹುಡುಗ, ಪರೀಕ್ಷೆ ಮುಗಿದ ದಿನ', 'ಕಾಕೂ ಮೊಮ್ಮಗಳು ಬಂದಾಗ'. ಯಾವ ಹೆಸರೂ ಹೊಳೆಯದಿದ್ದರೆ ಅವು ಫ್ರೀಜರ್‌ಗೆ ಹೋಗುವುದಿಲ್ಲ. ಇನ್ನೂ ಬೆಚ್ಚಗಿರುವಾಗಲೇ ತಟ್ಟೆಯಲ್ಲಿಟ್ಟುಕೊಂಡು ಹೋಗಿ ಯಾವುದಾದರೊಂದು ಬಾಗಿಲು ತಟ್ಟಬೇಕಾಗುತ್ತದೆ. ಅಲ್ಲಿ ಯಾವ ಭಾಷೆಯಲ್ಲಿ ಮಾತು ಶುರು ಮಾಡಬೇಕು ಎಂಬುದು ಈಗಲೂ ಪ್ರತಿ ಸಲ ಯೋಚಿಸಬೇಕಾದ ವಿಷಯವೇ.