ಹಗೆಯೂ ಸ್ಮರಣೆಯೇ?

ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’, ಸೀತೆಯ ಹೆಸರಿನಲ್ಲಿ ಬರಲಿಲ್ಲ. ರಾವಣನ ಸೊಸೆಯ ಹೆಸರಿನಲ್ಲಿ ಬಂತು. 1958ರ ‘ಭೂಕೈಲಾಸ’ದಲ್ಲಿ ರಾಜಕುಮಾರ್ ರಾವಣನಾದರು, ಮರುವರ್ಷ ಮಹಿಷಾಸುರನಾದರು, 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಾದರು. ಭಕ್ತಿಚಿತ್ರ ನೋಡಲು ಬಂದ ಜನ ದೇವರ ವೈರಿಯನ್ನು ಮನಸಾರೆ ಮೆಚ್ಚಿಕೊಂಡರು. ಇದು ಪುರಾಣಕ್ಕೆ ಬಗೆದ ಅಪಚಾರವಲ್ಲ. ಹಗೆಯೂ ಸ್ಮರಣೆಯೇ ಎಂಬ ಪ್ರಶ್ನೆ ಭಾಗವತದಲ್ಲೇ ಇದೆ: ವೈಕುಂಠದ ಶಾಪಗ್ರಸ್ತ ದ್ವಾರಪಾಲಕರಾದ ಜಯ ವಿಜಯರು ಹಿರಣ್ಯಕಶಿಪು, ರಾವಣರಂಥ ವೈರಿಗಳಾಗಿ ಮೂರು ಜನ್ಮ ಹರಿಯನ್ನು ದ್ವೇಷಿಸಿ ಹರಿಯ ಬಳಿಗೇ ಮರಳುತ್ತಾರೆ, ಕಣಜದ ಭಯದಲ್ಲಿ ಅದನ್ನೇ ನೆನೆಯುವ ಹುಳು ಕಣಜವೇ ಆಗುತ್ತದೆಂದು ನಾರದ ಧರ್ಮರಾಯನಿಗೆ ಹೇಳುತ್ತಾನೆ. ಪ್ರಹ್ಲಾದನ ಕಥೆಯನ್ನೇ ನೋಡಿ. ಹರಿ ಎಲ್ಲೆಲ್ಲೂ ಇದ್ದಾನೆಂದು ಮಗ ನಂಬಿದ್ದ, ಅಷ್ಟಕ್ಕೇ ಅವನಿಗೆ ಸಮಾಧಾನ. ಇದ್ದರೆ ಇಲ್ಲೇ ಕಾಣಲಿ ಎಂದು ಹಟ ಹಿಡಿದವನು ಅಪ್ಪ. ಕಂಬ ಒಡೆದದ್ದು ಅವನ ಏಟಿಗೆ.

ತಾರೆಗೆ ಅಬ್ಬರದ ಮಾತು ಬೇಕಿತ್ತು, ಅಸುರನ ಪಾತ್ರದಲ್ಲಿ ಅದು ಸಿಕ್ಕಿತು, ಇದರಲ್ಲಿ ತತ್ತ್ವವೇನು ಬಂತು ಎನ್ನಬಹುದು. ಕಂಪನಿ ನಾಟಕದ ರಂಗದಿಂದ ಬಂದ ರೂಢಿ ಇದು, ನಿಜ. ಆದರೆ ಆ ಮಾತಿಗೆ ತೂಕ ಎಲ್ಲಿಂದ ಬಂತು? ಹತ್ತನೆಯ ಶತಮಾನದಲ್ಲೇ ರನ್ನ ದುರ್ಯೋಧನನ ದುಃಖಕ್ಕೆ ಘನತೆ ಕೊಟ್ಟಿದ್ದ. ಆಮೇಲೆ ನಾಗಚಂದ್ರ ರಾವಣನಿಗೆ ಪಶ್ಚಾತ್ತಾಪ ಕೊಟ್ಟ. ಸೋಲುವವನ ಪಕ್ಕ ನಿಂತು ಕಥೆ ಕೇಳುವ ಕಿವಿ ಇಲ್ಲಿ ಹಳೆಯದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಉಡುಪಿಯಿಂದ ಬರುತ್ತದೆ. ದ್ವೇಷದಿಂದ ಮೋಕ್ಷವಿಲ್ಲ ಎಂದರು ಮಧ್ವಾಚಾರ್ಯರು. ಅವರ ಪ್ರಕಾರ ಹಿರಣ್ಯಕಶಿಪುವಿನ ಒಂದೇ ದೇಹದಲ್ಲಿ ಇಬ್ಬರು ಜೀವರಿದ್ದರು: ಹಗೆ ಅಸುರನದು, ಅವನಿಗೆ ತಮಸ್ಸು, ಸದ್ಗತಿ ಶಾಪಗ್ರಸ್ತ ದ್ವಾರಪಾಲಕನಿಗೆ ಮಾತ್ರ. ಈ ಮಾತನ್ನು ಹಗುರವಾಗಿ ತಳ್ಳಲಾಗದು, ಏಕೆಂದರೆ ಹಗೆಯನ್ನು ಭಕ್ತಿ ಎಂದುಬಿಟ್ಟರೆ ಪ್ರಹ್ಲಾದ ಪಟ್ಟ ಪಾಡಿಗೆ ಬೆಲೆಯೇ ಉಳಿಯುವುದಿಲ್ಲ. ಆದರೂ ಸಿನಿಮಾ ಮಧ್ವರ ಮಾತಿಗೆ ಎದುರಾಗಿದೆ ಎಂದು ನನಗನ್ನಿಸುವುದಿಲ್ಲ; ತನಗರಿವಿಲ್ಲದೆಯೇ ಅದು ಆ ಇಬ್ಬರನ್ನೂ ತೋರಿಸಿತು. 1983ರ ಚಿತ್ರದಲ್ಲಿ ಪ್ರಹ್ಲಾದನಾಗಿದ್ದವರು ರಾಜಕುಮಾರರ ಸ್ವಂತ ಮಗ ಪುನೀತ್. ಆನೆಯ ಕಾಲಿಗೆ ಹಾಕಿಸಿ ಎಂದು ಗುಡುಗುವ ಅಸುರನನ್ನೂ, ಆ ಹುಡುಗನನ್ನು ಎತ್ತಿ ಆಡಿಸಿದ ತಂದೆಯನ್ನೂ ಜನ ಒಂದೇ ಮೈಯಲ್ಲಿ ಕಂಡರು. ನರಸಿಂಹನ ತೊಡೆಯ ಮೇಲೆ ಬಿದ್ದವನು ಅವರಲ್ಲಿ ಯಾರು ಎಂದು ನೋಡುವವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.