ಯಂತ್ರದ ಸುಷುಪ್ತಿ

ಗಾಢನಿದ್ರೆಯಿಂದೆದ್ದವನು ‘ಸುಖವಾಗಿ ಮಲಗಿದ್ದೆ, ಏನೊಂದೂ ತಿಳಿಯಲಿಲ್ಲ’ ಎಂದಾಡುವ ಮಾತು ಎಷ್ಟು ಸಾಮಾನ್ಯವೋ ಅದರ ಮೇಲೆ ನಮ್ಮ ದರ್ಶನಕಾರರು ನಡೆಸಿದ ವಾದ ಅಷ್ಟೇ ಸೂಕ್ಷ್ಮವಾದುದು. ಅನುಭವಕ್ಕೆ ಬಾರದುದು ಸ್ಮೃತಿಗೂ ಬಾರದಾದುದರಿಂದ, ಇಂದ್ರಿಯಗಳೂ ಮನಸ್ಸೂ ಲಯಗೊಂಡಿದ್ದ ಆ ಹೊತ್ತಿನಲ್ಲಿಯೂ ಆ ಸುಖವನ್ನೂ ಆ ಅಜ್ಞಾನವನ್ನೂ ಬೆಳಗುತ್ತಿದ್ದ ಸಾಕ್ಷಿಯೊಂದು ಇದ್ದಿರಲೇಬೇಕೆಂದು ಅದ್ವೈತಿ ಹೇಳುತ್ತಾನೆ. ನೈಯಾಯಿಕ ಒಪ್ಪುವುದಿಲ್ಲ. ಅವನ ಮತದಲ್ಲಿ ಅದು ಸ್ಮೃತಿಯೇ ಅಲ್ಲ, ಅನುಮಾನ. ನಡುವಣ ಕಾಲದ ನೆನಪು ತನ್ನಲ್ಲಿ ಇಲ್ಲದುದನ್ನೂ ಮೈ ಹಗುರವಾಗಿರುವುದನ್ನೂ ಕಂಡು, ತಾನು ನಿದ್ರಿಸಿದ್ದಿರಬೇಕೆಂದು ಎದ್ದವನು ಊಹಿಸಿಕೊಳ್ಳುತ್ತಾನೆ, ಅಷ್ಟೆ.

ಮನುಷ್ಯನು ತನ್ನ ಕೈಯಾರೆ ನಿದ್ರೆಯೊಂದನ್ನು ನಿರ್ಮಿಸಿದ್ದರೆ ಈ ವಿವಾದವನ್ನು ಅಲ್ಲಿ ಪರೀಕ್ಷಿಸಬಹುದಾಗಿತ್ತಲ್ಲವೆ? ಅಂತಹ ನಿದ್ರೆಯೊಂದು ನಿರ್ಮಿತವಾಗಿದೆ. ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಎಂಬವರು ರಚಿಸಿದ, ಗಣಕಯಂತ್ರವನ್ನು ನಡೆಸುವ ಯೂನಿಕ್ಸ್ ವ್ಯವಸ್ಥೆಯ ಆರನೆಯ ಆವೃತ್ತಿ 1975ರಲ್ಲಿ ಹೊರಬಂದಿತು. ಅದರ ತಿರುಳಾದ ಕರ್ನಲ್ ಸುಮಾರು 9,000 ಸಾಲುಗಳದು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದ ಜಾನ್ ಲಯನ್ಸ್ 1977ರಲ್ಲಿ ಅದಕ್ಕೊಂದು ಟೀಕೆ ಬರೆದರು. ಮೂಲವೊಂದು ಪುಸ್ತಕ, ವ್ಯಾಖ್ಯಾನವೊಂದು ಪುಸ್ತಕ, ನಮ್ಮವರಿಗೆ ಚಿರಪರಿಚಿತವಾದ ಕ್ರಮವೇ. ಪರವಾನಗಿಯ ನಿರ್ಬಂಧದಿಂದ ಅದು ಬಹುಕಾಲ ಪ್ರತಿಯ ಪ್ರತಿಯಾಗಿ ಕೈಯಿಂದ ಕೈಗೆ ಸಾಗಿ, 1996ರಲ್ಲಿ ಮಾತ್ರವೇ ಬಹಿರಂಗವಾಗಿ ಅಚ್ಚಾಯಿತು.

ಆ ಕರ್ನಲಿನ ಅಂತರಂಗದಲ್ಲಿ ಸ್ಲೀಪ್ ಮತ್ತು ವೇಕಪ್ ಎಂಬ ಎರಡು ಫಂಕ್ಷನ್‌ಗಳುಂಟು. ಡಿಸ್ಕಿನಿಂದ ಬರಬೇಕಾದ ಅಕ್ಷರಗಳಿಗಾಗಿ ಕಾದಿರುವ ಪ್ರಾಸೆಸ್, ಎಂದರೆ ನಡೆಯುತ್ತಿರುವ ಪ್ರೋಗ್ರಾಂ, ಒಂದು, ಅವು ಬರುವತನಕ ತಾನು ಮಾಡಬಹುದಾದುದೇನೂ ಇಲ್ಲವಾಗಿ, ಸ್ಲೀಪನ್ನು ಕರೆಯುತ್ತದೆ. 50 ಸಾಲುಗಳ ಒಂದು ಪಟ್ಟಿಯಲ್ಲಿ ತನ್ನ ಸಾಲಿನಲ್ಲಿ ತಾನು ಏತಕ್ಕಾಗಿ ಕಾದಿದ್ದೇನೆಂಬುದನ್ನು ಸೂಚಿಸುವ ಒಂದು ಸಂಖ್ಯೆಯನ್ನೂ ತಾನು ನಿದ್ರಿತನೆಂಬ ಗುರುತನ್ನೂ ಬರೆದು ಪ್ರೊಸೆಸರನ್ನು ಬಿಟ್ಟುಕೊಡುತ್ತದೆ. ಡಿಸ್ಕು ತನ್ನ ಕೆಲಸ ಮುಗಿಸಿದಾಗ ವೇಕಪ್ ಇಡೀ ಪಟ್ಟಿಯನ್ನು ಶೋಧಿಸಿ ಆ ಸಂಖ್ಯೆಯ ಮೇಲೆ ಮಲಗಿರುವವರೆಲ್ಲರನ್ನೂ ಎಬ್ಬಿಸುತ್ತದೆ. ಮಲಗಿದವನು ತನ್ನನ್ನು ತಾನೇ ಎಬ್ಬಿಸಿಕೊಳ್ಳಲಾರನು. ಆ ಕ್ಷಣದಲ್ಲಿ ಅಲ್ಲಿ ಯಾರೂ ಮಲಗಿರದಿದ್ದರೆ ಕರೆದ ಕರೆ ಎಲ್ಲಿಯೂ ದಾಖಲಾಗದೆ ವ್ಯರ್ಥವಾಗುತ್ತದೆ. ಎಚ್ಚರಗೊಂಡ ಮಾತ್ರಕ್ಕೆ ಕಾದ ವಸ್ತು ದೊರೆಯಿತೆಂದೂ ಅಲ್ಲ. ಅದೇ ಸಂಖ್ಯೆಯ ಮೇಲೆ ಮಲಗಿದ್ದ ಮತ್ತೊಬ್ಬನು ಮೊದಲೆದ್ದು ಅದನ್ನು ತೆಗೆದುಕೊಂಡಿರಬಹುದಾದ ಕಾರಣ, ಎದ್ದವನು ತಾನು ಮಲಗುವ ಮುನ್ನ ಕೇಳಿಕೊಂಡ ಪ್ರಶ್ನೆಯನ್ನೇ ಪುನಃ ಕೇಳಿಕೊಂಡು, ಅಗತ್ಯವಾದರೆ ಪುನಃ ಮಲಗಬೇಕು.

ಈಗ ಪ್ರಕೃತಕ್ಕೆ ಬರೋಣ. ಎದ್ದ ಪ್ರಾಸೆಸಿಗೆ ತನ್ನ ನಿದ್ರೆಯ ವಿಷಯದಲ್ಲಿ ಏನು ತಿಳಿದಿದೆ? ಏನೂ ಇಲ್ಲ. ಕರೆದ ಫಂಕ್ಷನ್ ಮರಳಿತು, ಮುಂದಿನ ಸಾಲು ನಡೆಯಿತು. ಅದರ ಸ್ಟ್ಯಾಕಿನಲ್ಲಾಗಲಿ ರಿಜಿಸ್ಟರುಗಳಲ್ಲಾಗಲಿ ನಡುವಣ ಕಾಲದ ಲೇಶವೂ ಇಲ್ಲ. ಮಲಗಿದ್ದುದು ಒಂದು ಕ್ಷಣವೋ ಒಂದು ಇರುಳೋ ಎಂದು ತಿಳಿಯಬೇಕಾದರೆ ಗಡಿಯಾರವನ್ನು ಕೇಳಿ ಹಿಂದಿನ ಕಾಲವನ್ನು ಕಳೆದು ನೋಡಬೇಕು, ಎಂದರೆ ಅನುಮಾನಮಾಡಬೇಕು. ಆದರೂ ಮಲಗಿದವನೇ ಎದ್ದಿದ್ದಾನೆಂಬುದರಲ್ಲಿ ಸಂದೇಹವಿಲ್ಲ. ಆ ಐಕ್ಯವು ಕಾದಿರಿಸಿದ ಕೆಲವು ಸಂಖ್ಯೆಗಳಿಂದ ಸಿದ್ಧವಾಯಿತೇ ಹೊರತು ಯಾವ ನೋಟದಿಂದಲೂ ಅಲ್ಲ. ಸಾಕ್ಷಿಯಿಲ್ಲದೆಯೂ ‘ಅವನೇ ಇವನು’ ಎಂಬುದು ಸಾಧ್ಯವೆಂದು ಹೀಗೆ ಒಮ್ಮೆ ಕಂಡಮೇಲೆ, ಸ್ಮೃತಿಯ ಬಲದಿಂದ ಸಾಕ್ಷಿಯನ್ನು ಸ್ಥಾಪಿಸುವ ಯುಕ್ತಿ ತನ್ನ ಅನಿವಾರ್ಯತೆಯನ್ನು ಕಳೆದುಕೊಳ್ಳುತ್ತದೆಂದೇ ನನ್ನ ಎಣಿಕೆ.

ಇನ್ನೂ ವಿಚಿತ್ರವಾದ ಸ್ಥಾನವೊಂದಿದೆ. ಸ್ಲೀಪ್ ತಾನು ಕರೆಯುವ ಸ್ವಿಚ್ ಎಂಬ ಫಂಕ್ಷನನ್ನು ಪ್ರವೇಶಿಸುವವನೊಬ್ಬ, ಅದರಿಂದ ಹೊರಬರುವವನು ಇನ್ನೊಬ್ಬ. ಅಲ್ಲಿ ಕರ್ತೃಗಳು, ಇದು ಓದುಗನಿಗೆ ಅರ್ಥವಾಗಬೇಕೆಂಬ ನಿರೀಕ್ಷೆ ತಮಗಿಲ್ಲವೆಂದು ಒಂದು ಟಿಪ್ಪಣಿ ಬರೆದಿಟ್ಟಿದ್ದರು. ಪರೀಕ್ಷೆಗೆ ಇದು ಬರುವುದಿಲ್ಲವೆಂದು ಉಪಾಧ್ಯಾಯರು ಹೇಳುವ ಧಾಟಿಯದು ಅದೆಂದೂ, ನಿಜವಾಗಿ ತಮಗೂ ಅದು ಸರಿಯಾಗಿ ಅರ್ಥವಾಗಿರಲಿಲ್ಲವೆಂದೂ ರಿಚಿ ಮುಂದೆ ವಿವರಿಸಿದರು. ಭಾಷ್ಯಕಾರರಲ್ಲಿ ಈ ಪ್ರಾಮಾಣಿಕತೆ ಅಪರೂಪ.

ಪ್ರಶ್ನೋಪನಿಷತ್ತಿನಲ್ಲಿ ಸೌರ್ಯಾಯಣಿ ಗಾರ್ಗ್ಯನು ಪಿಪ್ಪಲಾದನನ್ನು ಕೇಳುವ ಪ್ರಶ್ನೆ ಇಲ್ಲಿ ತಾನಾಗಿ ನೆನಪಾಗುತ್ತದೆ: ಈ ಪುರುಷನಲ್ಲಿ ನಿದ್ರಿಸುವವರಾರು, ಎಚ್ಚರವಿರುವವರಾರು? ಪಟ್ಟಿಯಲ್ಲಿರುವ ಸಕಲರೂ ಮಲಗಿದಾಗ ಕರ್ನಲ್ ಐಡಲ್ ಎಂಬ ಪುಟ್ಟ ಫಂಕ್ಷನನ್ನು ಹೊಗುತ್ತದೆ. ಅಲ್ಲಿ ಆ ವ್ಯವಸ್ಥೆ ನಡೆಯುವ ಪಿಡಿಪಿ-11 ಗಣಕಯಂತ್ರವು ‘ಕಾದಿರು’ ಎಂಬ ಆಜ್ಞೆಯಂತೆ ತಾನೂ ಸ್ತಬ್ಧವಾಗುತ್ತದೆ. ಆಗಲೂ ಉಳಿದಿರುವುದು ವಿದ್ಯುತ್ಪ್ರವಾಹದ ಆವರ್ತಗಳನ್ನೇ ಎಣಿಸುತ್ತ, ಅಮೆರಿಕೆಯಲ್ಲಿ ಸೆಕೆಂಡಿಗೆ 60 ಬಾರಿ ಬಾಗಿಲು ತಟ್ಟುವ ಗಡಿಯಾರ. ಎಚ್ಚರವಿರುವವರಾರೆಂಬುದಕ್ಕೆ ಪಿಪ್ಪಲಾದನು ಕೂಡ ಮೊದಲು ಹೇಳುವುದು ಪ್ರಾಣಾಗ್ನಿಗಳು ಎಚ್ಚರವಿರುತ್ತವೆಂದೇ. ಸರ್ವವೂ ಪರಮಾತ್ಮನಲ್ಲಿ ನೆಲೆಗೊಳ್ಳುವ ಮಾತು ಅನಂತರದ್ದು.

ಅದ್ವೈತಿಯ ಬಳಿ ಉತ್ತರವಿಲ್ಲವೆಂದಲ್ಲ. ಪಟ್ಟಿಯ ಸಾಲುಗಳು ತಮ್ಮನ್ನು ತಾವು ಅರಿಯವು. ಮಲಗಿದ್ದಾನೆಂಬುದು ಓದುವವನಿಗೆ ಮಾತ್ರ ಅರ್ಥ ಎಂದು ಅವನು ಹೇಳಿಯಾನು. ಯಾರು ಮಲಗಿದ್ದಾರೆ, ಯಾರು ಎದ್ದಿದ್ದಾರೆಂದು ತೋರಿಸುವ ಪಿಎಸ್ ಎಂಬ ಆದೇಶವೂ ಒಂದು ಪ್ರಾಸೆಸೇ ಆದುದರಿಂದ, ಅದು ಕೊಡುವ ವರದಿಯಲ್ಲಿ ಅದೊಂದಾದರೂ ಸದಾ ಎಚ್ಚರವಾಗಿಯೇ ಕಾಣುತ್ತದೆ. ಎಲ್ಲರೂ ಮಲಗಿದ ಸ್ಥಿತಿಯನ್ನು ಅದು ಎಂದಿಗೂ ಕಾಣದು. ಇದು ಸಾಕ್ಷಿಯ ನಿತ್ಯತ್ವವೆಂದು ಅದ್ವೈತಿ, ವರದಿ ಬರೆಯಲು ಎಚ್ಚರ ಬೇಕೆಂಬುದಷ್ಟೇ ಎಂದು ನೈಯಾಯಿಕ. ನನಗೆ ಎರಡನೆಯವನ ಮಾತೇ ಸರಿಯೆನಿಸುತ್ತದೆ. ಆದರೆ ಸುಖವನ್ನು ಕೇವಲ ದುಃಖಾಭಾವವೆಂದು ಅವನು ತಳ್ಳಿಹಾಕುವಾಗ ನಾನು ಅವನೊಡನೆ ಹೋಗಲಾರೆ. ದುಃಖಾಭಾವ ಆ ಪ್ರಾಸೆಸಿಗೂ ಉಂಟು, ಆದರೂ ಅದು ಸುಖವಾಗಿ ಮಲಗಿತ್ತೆಂದು ಯಾರೂ ಹೇಳರು. ಈ ಭೇದದ ವಿಷಯದಲ್ಲಿ ಲಯನ್ಸರ ಟೀಕೆಯಿಂದ ಯಾವ ನೆರವೂ ದೊರೆಯದು. ಅಲ್ಲಿಂದ ಮುಂದಿನ ವಾದವನ್ನು ಅವರಿಬ್ಬರೂ ತಮ್ಮ ಹಳೆಯ ಆಯುಧಗಳಿಂದಲೇ ನಡೆಸಬೇಕಾಗಿದೆ.